ಗ್ಯಾರಂಟಿಯ ಚೀಟಿ

ಕುರುಗೋಡಿನಲ್ಲಿರುವ ನನ್ನ ಅಕ್ಕನ ಮನೆಯ ದೇವರ ಗೂಡಿನಲ್ಲಿ ದೊಡ್ಡಬಸವೇಶ್ವರನ ಪಟವೊಂದಿದೆ. ಆ ಊರಿನ ಗುಡಿಯಲ್ಲಿ ಕುಳಿತಿರುವ ಏಕಶಿಲೆಯ ಬೃಹತ್ ನಂದಿಯನ್ನು ಕಂಡವರಿಗೆ, ಅಷ್ಟು ದೊಡ್ಡ ದೇವರು ಇಷ್ಟು ಚಿಕ್ಕ ಪಟದೊಳಗೆ ಹೇಗೆ ಅಡಗಿದನೆಂದು ಸೋಜಿಗವಾದೀತು. ಅಕ್ಕನಿಗಾದರೋ ಆ ಪಟದ ಮುಂಭಾಗ ಎಷ್ಟು ಮುಖ್ಯವೋ ಹಿಂಭಾಗವೂ ಅಷ್ಟೇ ಮುಖ್ಯ. ಎರಡೆಕರೆ ಹೊಲದ ಪಹಣಿ, ಮಗಳ ಜಾತಕ, ಭಾವನವರು ಮಸ್ಕತಿಗೆ ಹೊರಟಾಗ ಮಾಡಿದ ಸಾಲದ ಪತ್ರ (ಸಾಲ ತೀರಿದ ಮೇಲೂ ಅದು ಅಲ್ಲಿಂದ ಕದಲಿಲ್ಲ), ಇವೆಲ್ಲ ಪಟದ ಹಿಂದೆ ದೇವರ ಕಾವಲಿನಲ್ಲಿವೆ. 2023ರ ದೀಪಾವಳಿಯ ತರುವಾಯ ಇವುಗಳ ಜೊತೆಗೆ ಇನ್ನೊಂದು ಚೀಟಿ ಸೇರಿತು. ಗೇಣುದ್ದದ, ನುಣುಪಾದ, ಅರಬ್ಬಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಅಚ್ಚಾದ ಅಂಗಡಿಯ ಬಿಲ್ಲು ಅದು. ಭಾವನವರು ರಜೆಯ ಮೇಲೆ ಬಂದಾಗ ಮಗಳಿಗೆಂದು ತಂದ ಲ್ಯಾಪ್‌ಟಾಪಿನದು.

ಭಾವನವರು ಮಸ್ಕತಿನಲ್ಲಿ ಕಟ್ಟಡದ ಕೆಲಸದವರು. ಕಾಂಕ್ರೀಟಿಗೆ ಕಬ್ಬಿಣ ಕಟ್ಟುವುದು ಅವರ ಕಸುಬು. ಮಗಳು ಬಳ್ಳಾರಿಯಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಳು. ಎರಡು ತಿಂಗಳ ಉಳಿತಾಯವನ್ನು ಒಂದು ಯಂತ್ರಕ್ಕೆ ಹಾಕಿ, ವಿಮಾನದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆನೆಂದು ಅವರು ಹೇಳಿದಾಗ, ಆ ಮಾತಿನಲ್ಲಿ ಹೆಮ್ಮೆಗಿಂತ ಹೆಚ್ಚಾಗಿ ಒಂದು ಬಗೆಯ ನಿಶ್ಚಿಂತೆಯಿತ್ತು. "ಒಂದು ವರ್ಷ ಗ್ಯಾರಂಟಿ ಐತಿ, ಮೇಷ್ಟ್ರೇ" ಎಂದು ನನ್ನ ಕಡೆ ತಿರುಗಿ ಸೇರಿಸಿದರು. ನಾನು ಸಿರುಗುಪ್ಪದಲ್ಲಿ ಪಾಠ ಹೇಳುವವನಾದ್ದರಿಂದ, ಕಾಗದದ ಮಾತು ಬಂದಾಗಲೆಲ್ಲ ನಮ್ಮ ಬಳಗದವರು ನನ್ನ ಕಡೆಗೇ ತಿರುಗುವುದು ವಾಡಿಕೆ. ನಾನು ಆ ಚೀಟಿಯನ್ನು ಓದದೆಯೇ ತಲೆಯಾಡಿಸಿದೆ. ಈ ಲೇಖನಕ್ಕೆ ಕಾರಣವಾದ ಮೊದಲ ತಪ್ಪು ಅದೇ.

2024ರ ಯುಗಾದಿ ಕಳೆದು ಹತ್ತು ದಿನವಾಗಿತ್ತು. ಬಳ್ಳಾರಿಯ ಬಿಸಿಲಿನ ವಿಷಯವನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ, ಅರಿಯದವರಿಗೆ ಹೇಳಿ ಪ್ರಯೋಜನವಿಲ್ಲ. ಒಂದು ಮುಂಜಾನೆ ಅಕ್ಕನ ಮಗಳು ಫೋನಿನಲ್ಲಿ, "ಮಾಮಾ, ಲ್ಯಾಪ್‌ಟಾಪು ಹತ್ತಿಕೊಳ್ಳವಲ್ದು" ಎಂದಳು. ಅಷ್ಟು ಹೇಳಿ ಸುಮ್ಮನಾದಳು. ಅವಳ ಪರೀಕ್ಷೆಗೆ ಒಪ್ಪಿಸಬೇಕಾಗಿದ್ದ ಪ್ರಾಜೆಕ್ಟಿನ ಬರಹವೆಲ್ಲ ಅದರೊಳಗಿತ್ತು. ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟಿಲ್ಲವೇ ಎಂದು ಕೇಳಬಾರದಿತ್ತು, ಕೇಳಿದೆ. ಬುದ್ಧಿವಾದಕ್ಕೆ ಹೊತ್ತು ಗೊತ್ತಿರುವುದಿಲ್ಲ.

ನಾನು ಸಿರುಗುಪ್ಪದಿಂದಲೂ ಅವಳು ಕುರುಗೋಡಿನಿಂದಲೂ ಬಸ್ಸು ಹತ್ತಿ ಬಳ್ಳಾರಿಯಲ್ಲಿ ಕೂಡಿಕೊಂಡೆವು. ಆ ಕಂಪನಿಯ ಅಧಿಕೃತ ರಿಪೇರಿ ಕೇಂದ್ರ ಮಹಡಿಯ ಮೇಲಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಇಂತಹ ಕಥೆಯಲ್ಲಿ ಒಂದು ಹೆಸರನ್ನು ತೆಗೆದು ಇನ್ನೊಂದನ್ನು ಕೂರಿಸಿದರೂ ಕಥೆ ಬದಲಾಗುವುದಿಲ್ಲ. ಮೇಜಿನ ಹಿಂದಿದ್ದ ಹುಡುಗ ಯಂತ್ರವನ್ನು ಮಗುಚಿ, ಬೆನ್ನ ಮೇಲಿನ ಸಂಖ್ಯೆಯನ್ನು ತನ್ನ ಕಂಪ್ಯೂಟರಿಗೆ ಉಣ್ಣಿಸಿ, ಕ್ಷಣಕಾಲ ನೋಡಿ, "ಇದು ಇಂಡಿಯಾ ಸೆಟ್ ಅಲ್ರಿ ಸಾರ್" ಎಂದ. ವೈದ್ಯರು ನಾಡಿ ನೋಡಿ ಕೈಬಿಡುವ ರೀತಿಯಲ್ಲಿಯೇ ಯಂತ್ರವನ್ನು ನಮ್ಮ ಕಡೆಗೆ ಸರಿಸಿದ. ಚಾರ್ಜರಿನ ಮೂರು ದಪ್ಪ ಹಲ್ಲುಗಳ ಪ್ಲಗ್ಗನ್ನು ಕಂಡು, "ಅಡಾಪ್ಟರ್ ಹಾಕಿ ಉಪಯೋಗಿಸಿದ್ದೀರಿ, ಅದಕ್ಕೇ ಸುಟ್ಟಿರಬೇಕು" ಎಂಬ ಇನ್ನೊಂದು ಅಭಿಪ್ರಾಯವನ್ನೂ ದಯಪಾಲಿಸಿದ. ಮದರ್‌ಬೋರ್ಡು ಬದಲಾಯಿಸಬೇಕು, ಇಪ್ಪತ್ತೆಂಟು ಸಾವಿರ ಆಗುತ್ತದೆ. ಅದೂ ಈ ಮಾದರಿಯ ಬಿಡಿಭಾಗ ಸಿಕ್ಕಿದರೆ.

ಮೆಟ್ಟಿಲಿಳಿಯುವಾಗ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. "ಹೆಸರು ಅದೇ ಕಂಪನೀದು, ಬೋರ್ಡೂ ಅದೇ. ಮತ್ತೆ ಅಪ್ಪಗೆ ಮಾತು ಕೊಟ್ಟವರು ಯಾರು, ಮಾಮಾ?"

ಗಡಿಯೆಂಬುದು ಬಳ್ಳಾರಿಯವರಿಗೆ ಹೊಸ ವಿಷಯವೇನಲ್ಲ. 1953ರ ಅಕ್ಟೋಬರ್ 1ರಂದು ಈ ಊರು ಮದರಾಸು ಪ್ರಾಂತದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿತು; ಅದೇ ದಿನ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ನಿನ್ನೆಯವರೆಗೆ ಒಂದೇ ಕಚೇರಿಗೆ ಅಲೆಯುತ್ತಿದ್ದ ನೆಂಟರು ಮರುದಿನದಿಂದ ಬೇರೆ ಬೇರೆ ಕಚೇರಿಗಳಿಗೆ ಅಲೆಯತೊಡಗಿದರು. ಆದರೆ ಆ ಗಡಿಯನ್ನು ನೆಲದ ಮೇಲೆ ತೋರಿಸಬಹುದು. ಒಂದು ಯಂತ್ರದ ಬೆನ್ನ ಮೇಲಿನ ಹತ್ತಾರು ಅಕ್ಷರಗಳೊಳಗೆ ಒಂದು ದೇಶದ ಗಡಿ ಅಡಗಿರುತ್ತದೆಂಬುದನ್ನು ನಾನು ಮೊದಲು ಕಂಡುದು ಆ ಮಹಡಿಯ ಮೇಲೆ.

ನಮ್ಮ ಕಡೆಯವರಿಗೆ ಗ್ಯಾರಂಟಿ, ವಾರಂಟಿ ಎರಡೂ ಒಂದೇ. 2023ರ ಚುನಾವಣೆಯ ತರುವಾಯ ಕರ್ನಾಟಕದಲ್ಲಿ ಮೊದಲನೆಯ ಪದಕ್ಕೆ ಇನ್ನೊಂದು ಅರ್ಥವೂ ಕೂಡಿಕೊಂಡಿದೆಯಾದರೂ, ಅಂಗಡಿಯ ಮುಂದೆ ನಿಂತವನು ಕೇಳುವ "ಗ್ಯಾರಂಟಿ ಐತಾ?" ಎಂಬ ಪ್ರಶ್ನೆ ಹಳೆಯದೇ. ಭಾಷಾಶಾಸ್ತ್ರಜ್ಞರನ್ನು ಕೇಳಿದರೆ ಜನರ ಪಕ್ಷವನ್ನೇ ಹಿಡಿದಾರು: ಎರಡೂ ಒಂದೇ ಹಳೆಯ ಜರ್ಮಾನಿಕ್ ಮೂಲದಿಂದ ಹೊರಟು, ಫ್ರೆಂಚಿನ ಎರಡು ಉಪಭಾಷೆಗಳ ಹಾದಿ ಹಿಡಿದು ಇಂಗ್ಲಿಷಿಗೆ ಬಂದು ಸೇರಿದ ಅವಳಿಗಳು. ಕಾನೂನು ಮಾತ್ರ ಅವಳಿಗಳನ್ನು ಬೇರ್ಪಡಿಸಿದೆ. 1872ರ ಕರಾರು ಕಾಯಿದೆಯಲ್ಲಿ ಗ್ಯಾರಂಟಿಯೆಂದರೆ ಮೂರನೆಯವನು ನಿಲ್ಲುವ ಜಾಮೀನು. 1930ರ ಸರಕು ಮಾರಾಟದ ಕಾಯಿದೆಯಲ್ಲಿ ವಾರಂಟಿಯೆಂದರೆ ಮಾರಾಟದ ಮುಖ್ಯ ಉದ್ದೇಶಕ್ಕೆ ಜೊತೆಯಾಗಿ ನಿಂತ ಒಂದು ಉಪಮಾತು. ಅದು ಮುರಿದರೆ ನಷ್ಟ ಕೇಳಬಹುದೇ ಹೊರತು ಅದೊಂದರ ಬಲದಿಂದಲೇ ಸರಕನ್ನು ಹಿಂದಿರುಗಿಸುವಂತಿಲ್ಲ. ಕನ್ನಡದಲ್ಲಿ ಇವೆರಡಕ್ಕೂ ಸಲ್ಲುವ ಸೊಗಸಾದ ಪದ 'ಹೊಣೆ'. ಹೊಣೆಯೆಂದ ಕೂಡಲೇ, ಹೊತ್ತವರು ಯಾರೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಇಂಗ್ಲಿಷಿನ ಪದಗಳು ಆ ಪ್ರಶ್ನೆಯನ್ನು ಅಷ್ಟು ಬೇಗ ಏಳಿಸುವುದಿಲ್ಲ.

ಮಾರಿದವನು ಅಂಗಡಿಯವನು, ಮಾಡಿದವನು ಕಂಪನಿಯವನು. ಕೊಂಡವನ ವ್ಯವಹಾರವೆಲ್ಲ ಅಂಗಡಿಯವನ ಜೊತೆಯಲ್ಲಿ ನಡೆದಿರುವಾಗ, ಎಲ್ಲಿಯೋ ಇರುವ ಕಂಪನಿಗೆ ಹೊಣೆ ಬಂದುದಾದರೂ ಹೇಗೆ? ನಮ್ಮ ಕಾನೂನು ವಿದ್ಯಾರ್ಥಿಗಳೆಲ್ಲರೂ ಓದುವ ಒಂದು ಇಂಗ್ಲೆಂಡಿನ ಮೊಕದ್ದಮೆಯಿದೆ. 1891ರಲ್ಲಿ, ಇನ್‌ಫ್ಲುಯೆಂಜಾ ಜ್ವರ ಹಬ್ಬಿದ್ದ ಕಾಲದಲ್ಲಿ, ಕಾರ್ಬಾಲಿಕ್ ಹೊಗೆಯ ಚೆಂಡನ್ನು ಮಾಡುತ್ತಿದ್ದ ಕಂಪನಿಯೊಂದು, ತನ್ನ ಚೆಂಡನ್ನು ಹೇಳಿದ ಕ್ರಮದಲ್ಲಿ ಬಳಸಿಯೂ ಜ್ವರ ಬಂದವರಿಗೆ ನೂರು ಪೌಂಡು ಕೊಡುವುದಾಗಿ ಪತ್ರಿಕೆಯಲ್ಲಿ ಜಾಹೀರಾತು ಹಾಕಿತು. ಕಾರ್ಲಿಲ್ ಎಂಬ ಗೃಹಿಣಿ ಔಷಧಿಯಂಗಡಿಯಲ್ಲಿ ಚೆಂಡನ್ನು ಕೊಂಡು, ಕ್ರಮ ತಪ್ಪದೆ ಬಳಸಿದಳು. ಜ್ವರವೂ ಕ್ರಮ ತಪ್ಪದೆ ಬಂದಿತು. ಜಾಹೀರಾತು ಬರಿಯ ಬಡಾಯಿಯೆಂದು ಕಂಪನಿ ವಾದಿಸಿತು. 1892ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ಒಪ್ಪಲಿಲ್ಲ: ಲೋಕವನ್ನು ಉದ್ದೇಶಿಸಿ ಆಡಿದ ಮಾತನ್ನು ನಂಬಿ ನಡೆದವಳಿಗೆ ಆ ಮಾತು ಸಲ್ಲಬೇಕು ಎಂದಿತು. ಆಕೆ ಕೊಂಡದ್ದು ಕಂಪನಿಯಿಂದಲ್ಲ, ಔಷಧಿಯಂಗಡಿಯಿಂದ ಎಂಬುದು ಅಡ್ಡಿಯಾಗಲಿಲ್ಲ. ಇಂದು ನಮ್ಮ ಕೈಗೆ ಬರುವ ಪ್ರತಿಯೊಂದು ಪೆಟ್ಟಿಗೆಯೊಳಗಿನ ವಾರಂಟಿಯ ಹಾಳೆಯೂ ಆ ಹೊಗೆಯ ಚೆಂಡಿನ ವಂಶದ್ದೇ. ಆದರೆ ಆಡಿದ ಮಾತು ಸಲ್ಲಬೇಕೆಂದರೆ, ಆಡದ ಮಾತು ಸಲ್ಲಬೇಕಾಗಿಲ್ಲ ಎಂಬುದೂ ಅದರೊಳಗೇ ಇದೆ. ಕಂಪನಿ ಏನು ಹೇಳಿದೆ, ಯಾವ ನಾಡಿನವರಿಗೆ ಹೇಳಿದೆ ಎಂಬುದನ್ನು ಆ ಹಾಳೆಯಲ್ಲಿಯೇ ಹುಡುಕಬೇಕು.

ಇದನ್ನು ನಾನು ಕಲಿತದ್ದು ನಮ್ಮ ಸಿರುಗುಪ್ಪದ ಒಬ್ಬ ಅಕ್ಕಿ ಗಿರಣಿಯವರಿಂದ, ಅವರ ಖರ್ಚಿನಲ್ಲಿ. ಅವರ ಮಗ ದುಬೈಗೆ ಹೋಗಿ ಬರುವಾಗ ಭಾರಿ ಬೆಲೆಯ ಮೊಬೈಲು ಫೋನನ್ನು ತಂದಿದ್ದ. ಇಲ್ಲಿಯ ಬೆಲೆಗಿಂತ ಎಷ್ಟೋ ಸಾವಿರ ಅಗ್ಗವೆಂದು ಗಿರಣಿಗೆ ಬಂದವರಿಗೆಲ್ಲ ಹೇಳಿದ್ದೂ ಉಂಟು. ಏಳನೆಯ ತಿಂಗಳಿನಲ್ಲಿ ಅದು ಸಿಗ್ನಲ್ ಹಿಡಿಯುವುದನ್ನು ನಿಲ್ಲಿಸಿತು. ಬಳ್ಳಾರಿಯಲ್ಲಿ ಆಗುವುದಿಲ್ಲವೆಂದರು, ಬೆಂಗಳೂರಿನಲ್ಲಿಯೂ ಆಗುವುದಿಲ್ಲವೆಂದರು. ಗಿರಣಿಯವರು ರೇಗಿ, "ಕಂಪನಿಯನ್ನು ಕೋರ್ಟಿಗೆ ಎಳೀತೀನಿ, ಅರ್ಜಿ ಬರೀರಿ ಮೇಷ್ಟ್ರೇ" ಎಂದು ಪೆಟ್ಟಿಗೆಯ ಸಮೇತ ನನ್ನ ಮನೆಗೆ ಬಂದರು. ನಾನು ಭೂತಕನ್ನಡಿ ಹಿಡಿದು ಹಾಳೆಯನ್ನು ಓದಿದೆ. ಕೊಂಡ ಪ್ರದೇಶದಲ್ಲಿ ಮಾತ್ರ ಈ ವಾರಂಟಿ ಸಲ್ಲುತ್ತದೆಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಅಕ್ಷರ ಸಣ್ಣದು, ಅರ್ಥ ದೊಡ್ಡದು. ಅರ್ಜಿ ಬರೆಯಲಿಲ್ಲ. ಅವರು ಇಂದಿಗೂ ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾರೆ.

ಕಂಪನಿಗಳ ಈ ನಡತೆಯನ್ನು ಬರಿಯ ಕಪಟವೆಂದು ತಳ್ಳಿಹಾಕುವಂತಿಲ್ಲ. ಪುಕ್ಕಟೆ ರಿಪೇರಿ ಎಂಬುದು ಪುಕ್ಕಟೆಯಲ್ಲ. ಇಷ್ಟು ಯಂತ್ರಗಳಲ್ಲಿ ಇಷ್ಟು ಕೆಟ್ಟಾವು ಎಂದು ಲೆಕ್ಕ ಹಾಕಿ ಆ ವೆಚ್ಚವನ್ನು ಮಾರಾಟದ ಬೆಲೆಯೊಳಗೆ ಮೊದಲೇ ಸೇರಿಸಿರುತ್ತಾರೆ. ಮಸ್ಕತಿನಲ್ಲಿ ಮಾರಿದ ಯಂತ್ರದ ಹಣ ಅಲ್ಲಿಯ ವಿತರಕನಿಗೆ ಸೇರಿತು. ಬಳ್ಳಾರಿಯಲ್ಲಿ ರಿಪೇರಿ ಮಾಡಬೇಕಾದವರು ಭಾರತದಲ್ಲಿ ಅದೇ ಹೆಸರಿನಿಂದ ವ್ಯಾಪಾರ ಮಾಡುವ ಇನ್ನೊಂದು ಕಂಪನಿಯ ಪರವಾಗಿ ಕೆಲಸ ಮಾಡುವವರು. ಅವರ ಗಲ್ಲಾಪೆಟ್ಟಿಗೆಗೆ ಆ ಮಾರಾಟದಿಂದ ಚಿಕ್ಕಾಸೂ ಬಂದಿಲ್ಲ. ಯಂತ್ರಗಳಲ್ಲಿಯೂ ವ್ಯತ್ಯಾಸವುಂಟು. ಫೋನುಗಳು ಒಂದೊಂದು ದೇಶದ ರೇಡಿಯೋ ತರಂಗಗಳಿಗೆ ತಕ್ಕಂತೆ ಬೇರೆ ಬೇರೆಯಾಗಿ ತಯಾರಾಗುತ್ತವೆ. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟಿನದು, ನಮ್ಮದು 230 ವೋಲ್ಟಿನದು. ಭಾರತದಲ್ಲಿ ಮಾರುವ ಲ್ಯಾಪ್‌ಟಾಪು, ಫೋನು, ಟೆಲಿವಿಷನ್ನುಗಳು ಸರಕಾರದ ಆದೇಶದ ಪ್ರಕಾರ ಭಾರತೀಯ ಮಾನಕ ಸಂಸ್ಥೆಯಲ್ಲಿ ನೋಂದಣಿಯಾಗಿರಬೇಕು. ಸಾಮಾನಿನ ಚೀಲದಲ್ಲಿ ಬಂದದ್ದಕ್ಕೆ ಆ ನೋಂದಣಿ ಇರಬೇಕಾಗಿಲ್ಲವಾದ್ದರಿಂದ, ಅಂಥದೇ ಮಾದರಿ ಇಲ್ಲಿ ಮಾರಾಟಕ್ಕೇ ಬಂದಿರದಿದ್ದರೂ ಇರಬಹುದು. ಹಾಗಿರುವಾಗ ಅದರ ಬಿಡಿಭಾಗವನ್ನು ಇಲ್ಲಿಯ ಉಗ್ರಾಣದಲ್ಲಿ ಯಾರು ತಂದಿಟ್ಟಾರು? ದುಡ್ಡು ಕೊಡುತ್ತೇನೆಂದರೂ ರಿಪೇರಿಯಾಗದ ಸಂದರ್ಭಗಳು ಹುಟ್ಟುವುದು ಹೀಗೆ.

ತಾವೇ ಹೊರದೇಶದಿಂದ ತಂದವರ ಪಾಡು ಒಂದು. ಬಳ್ಳಾರಿಯ ಪೇಟೆಯಲ್ಲಿಯೇ ಕೊಂಡು, ಅದು ಹೊರದೇಶದ ಮಾಲೆಂದು ಆಮೇಲೆ ತಿಳಿದವರ ಪಾಡು ಇನ್ನೊಂದು. ಇಂತಹ ಮಾರಾಟದ ಬಗೆಗೆ ದೆಹಲಿಯ ಹೈಕೋರ್ಟಿನಲ್ಲಿ ನಡೆದ ಕಪಿಲ್ ವಾಧ್ವಾ ಮತ್ತು ಸ್ಯಾಮ್‌ಸಂಗ್ ಕಂಪನಿಯ ವ್ಯಾಜ್ಯ ಪ್ರಸಿದ್ಧವಾದುದು. ಕಂಪನಿಯ ಪ್ರಿಂಟರುಗಳನ್ನು ಹೊರದೇಶದಲ್ಲಿ ಕೊಂಡು ಇಲ್ಲಿಗೆ ತಂದು ಮಾರುತ್ತಿದ್ದವರನ್ನು ತಡೆಯಬೇಕೆಂಬುದು ಕಂಪನಿಯ ಬೇಡಿಕೆ. 2012ರ ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ಮಾರಾಟವನ್ನು ತಡೆಯಲು ಒಪ್ಪಲಿಲ್ಲ. ಆದರೆ ಇದು ಆಮದಾದ ಮಾಲು, ಇದರ ಗುಣಕ್ಕಾಗಲಿ ಮಾರಾಟದ ನಂತರದ ಸೇವೆಗಾಗಲಿ ಕಂಪನಿ ಹೊಣೆಯಲ್ಲ, ಸೇವೆಯೇನಿದ್ದರೂ ತಮ್ಮದು ಎಂದು ಅಂಗಡಿಯಲ್ಲಿ ಎದ್ದು ಕಾಣುವಂತೆ ಫಲಕ ಹಾಕಬೇಕೆಂದು ಮಾರುವವರಿಗೆ ಹೇಳಿತು. ನಾನು ಸುತ್ತಿದ ಅಂಗಡಿಗಳಲ್ಲಿ ಇಂತಹ ಫಲಕ ಕಣ್ಣಿಗೆ ಬೀಳಲಿಲ್ಲ; 'ಮಾರಿದ ಮಾಲು ಹಿಂದಕ್ಕೆ ಪಡೆಯುವುದಿಲ್ಲ' ಎಂಬುದು ಮಾತ್ರ ಎಲ್ಲೆಲ್ಲಿಯೂ ದಪ್ಪಕ್ಷರದಲ್ಲಿತ್ತು. ಇಂತಹ ಮಾಲನ್ನು ಕೊಂಡವನಿಗೆ ಒಂದು ಅನುಕೂಲವುಂಟು: ಮಾರಿದವನು ಊರಿನಲ್ಲಿಯೇ ಸಿಗುತ್ತಾನೆ, ಬಿಲ್ಲು ಕೊಟ್ಟಿದ್ದರೆ. ಬಿಲ್ಲು ಬೇಡವೆಂದು ಇನ್ನೂರು ರೂಪಾಯಿ ಉಳಿಸಿದವನಿಗೆ ಮಾರಿದವನೂ ಇಲ್ಲ, ಮಾಡಿದವನೂ ಇಲ್ಲ.

ಇರಲಿ, ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಗಿರಣಿಯವರ ಫೋನಿನಿಂದ ಬುದ್ಧಿ ಕಲಿತಿದ್ದ ನಾನು ಆ ರಾತ್ರಿ ಕುರುಗೋಡಿನಲ್ಲಿಯೇ ಉಳಿದು, ಲ್ಯಾಪ್‌ಟಾಪಿನ ಪೆಟ್ಟಿಗೆಯಲ್ಲಿದ್ದ ವಾರಂಟಿಯ ಪುಸ್ತಿಕೆಯನ್ನು ಬಿಡಿಸಿದೆ. ಹನ್ನೊಂದು ಭಾಷೆಗಳಲ್ಲಿ ಅಚ್ಚಾಗಿದ್ದ ಆ ಪುಸ್ತಿಕೆಯಲ್ಲಿ ಕನ್ನಡವಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಹದಿನಾಲ್ಕನೆಯ ಪುಟದಲ್ಲಿ, ಬೆಳಿಗ್ಗೆ ಮಹಡಿಯ ಮೇಲೆ ಯಾರೂ ಹೇಳದಿದ್ದ ಒಂದು ಮಾತಿತ್ತು. ಯಂತ್ರವನ್ನು ಕೊಂಡವನು ಬೇರೆ ದೇಶಕ್ಕೆ ಹೋದರೆ, ಅದೇ ಬಗೆಯ ಮಾದರಿಗೆ ಅಲ್ಲಿ ಕಂಪನಿಯ ಸೇವೆ ದೊರೆಯುವುದಾದರೆ, ಅಲ್ಲಿಯೂ ವಾರಂಟಿ ಸಲ್ಲುತ್ತದೆ. ಆದರೆ ಮೂಲ ಬಿಲ್ಲನ್ನು ತೋರಿಸಿ, ಯಂತ್ರ ಇಂತಹ ದೇಶಕ್ಕೆ ಬಂದಿದೆಯೆಂದು ಕಂಪನಿಯ ದಾಖಲೆಯಲ್ಲಿ ಬದಲಾಯಿಸಿಕೊಳ್ಳಬೇಕು. ಯಂತ್ರದೊಳಗಿನ ಬರಹ ಹಾಳಾದರೆ ಅದಕ್ಕೆ ಮಾತ್ರ ಕಂಪನಿ ಯಾವ ದೇಶದಲ್ಲಿಯೂ ಹೊಣೆಯಲ್ಲ. ಹಲವು ಲ್ಯಾಪ್‌ಟಾಪು ಕಂಪನಿಗಳು ಇಂತಹ ಮಾತು ಕೊಡುತ್ತವೆಂದು ಆಮೇಲೆ ತಿಳಿಯಿತು. ಲ್ಯಾಪ್‌ಟಾಪು ಸ್ವಭಾವತಃ ಸಂಚಾರಿ. ಅದರ ಚಾರ್ಜರಿನ ಮೇಲೆಯೇ 100ರಿಂದ 240 ವೋಲ್ಟು ಎಂದು ಬರೆದಿರುತ್ತದೆ. ಅಡಾಪ್ಟರಿನಿಂದ ಸುಟ್ಟಿತೆಂಬ ಹುಡುಗನ ವಾದಕ್ಕೆ ಉತ್ತರ ಆ ಚಾರ್ಜರಿನ ಹೊಟ್ಟೆಯ ಮೇಲೆಯೇ ಇತ್ತು, ನಮಗೆ ಓದಲು ತೋಚಿರಲಿಲ್ಲ.

"ಅಕ್ಕಾ, ಬಿಲ್ಲು ಕೊಡು" ಎಂದೆ. ಅಕ್ಕ ಕೈಕಾಲು ತೊಳೆದು, ಪಟವನ್ನು ಸರಿಸಿ, ಚೀಟಿಯನ್ನು ತೆಗೆದಳು. ತೆಗೆದವಳು ಅಲ್ಲಿಯೇ ನಿಂತುಬಿಟ್ಟಳು. ಚೀಟಿ ತುದಿಯಿಂದ ತುದಿಗೆ ಕಪ್ಪಗಾಗಿತ್ತು. ಸುಟ್ಟಿರಲಿಲ್ಲ, ಹರಿದಿರಲಿಲ್ಲ, ಅಮಾವಾಸ್ಯೆಯ ರಾತ್ರಿಯನ್ನು ಗೇಣುದ್ದ ಕತ್ತರಿಸಿ ಇಟ್ಟಂತೆ ಇತ್ತು. ಈ ಬಗೆಯ ಬಿಲ್ಲುಗಳಿಗೆ ಶಾಯಿಯಿಲ್ಲ. ಕಾಗದಕ್ಕೇ ಒಂದು ರಾಸಾಯನಿಕ ಲೇಪವಿದ್ದು, ಯಂತ್ರದ ಬಿಸಿಮೊನೆ ತಾಕಿದ ಕಡೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಯಿಂದ ಹುಟ್ಟಿದ ಅಕ್ಷರ ಬಿಸಿಯಿಂದಲೇ ಸಾಯುತ್ತದೆ. ಯುಗಾದಿಗೆಂದು ಅಕ್ಕ ಆ ಪುಟ್ಟ ಗೂಡಿನಲ್ಲಿ ಹಗಲಿರುಳು ಉರಿಸಿದ ದೀಪ ಇಡೀ ಚೀಟಿಯನ್ನು ಒಂದೇ ಅಕ್ಷರವನ್ನಾಗಿ ಮಾಡಿತ್ತು.

"ದೇವರ ಹತ್ರ ಇಟ್ರೆ ಕೆಡಂಗಿಲ್ಲ ಅಂದ್ಕೊಂಡಿದ್ನೋ ತಮ್ಮಾ" ಎಂದಳು ಅಕ್ಕ.

ನಕಲು ಬಿಲ್ಲನ್ನು ತರಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು. ಅವರಿಗೆ ಈ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ವಾರಕ್ಕೊಮ್ಮೆ ಭಾವನವರು ಫೋನು ಮಾಡಿದಾಗ ಎಲ್ಲ ಮಾತೂ ಮುಗಿದ ಮೇಲೆ, "ನಮ್ ಲ್ಯಾಪ್‌ಟಾಪು ಹೆಂಗೈತಿ?" ಎಂದು ಎತ್ತಿನ ಯೋಗಕ್ಷೇಮ ಕೇಳುವಂತೆ ಕೇಳುತ್ತಿದ್ದರು, ತಾಯಿಮಗಳಿಬ್ಬರೂ "ಚೆಂದೈತಿ" ಎನ್ನುತ್ತಿದ್ದರು. ಸುಳ್ಳಿಗೆ ಕಾರಣ ಅಂಜಿಕೆಯಲ್ಲ. ಬಿಸಿಲಿನಲ್ಲಿ ಕಬ್ಬಿಣ ಕಟ್ಟಿ ತಂದ ಒಂದು ವಸ್ತು ಆರು ತಿಂಗಳೂ ಬಾಳಲಿಲ್ಲವೆಂದು ಅಷ್ಟು ದೂರದಲ್ಲಿರುವವರಿಗೆ ಹೇಳುವುದು ಹೇಗೆ? 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯ ಕೋಡಂಗಿಯನ್ನಾಗಿ ಅವರನ್ನು ಮಾಡಲು ಆ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ನಾನೇ ಫೋನು ಹಿಡಿದೆ. ಹೇಳಿ ಮುಗಿಸಿದ ಮೇಲೆ ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ, "ಅಷ್ಟು ದಿನದಿಂದ ನನಗ ಯಾಕ ಹೇಳಲಿಲ್ಲ?" ಎಂದರು. ಯಂತ್ರದ ಬಗೆಗೆ ಒಂದು ಮಾತನ್ನೂ ಕೇಳಲಿಲ್ಲ. ಮತ್ತೆ ಸುಮ್ಮನಿದ್ದು, "ಶುಕ್ರವಾರ ಸೂಟಿ ಐತಿ, ಹೋಗ್ತೀನಿ" ಎಂದರು.

ಆ ಶುಕ್ರವಾರ ಅವರು ಅಂಗಡಿಗೆ ಹೋದರೆ ಇನ್ನೊಂದು ತೊಡಕು. ಬಿಲ್ಲು ಅವರ ಹೆಸರಿನಲ್ಲಿರಲಿಲ್ಲ. ರಿಯಾಯಿತಿ ಸಿಗುತ್ತದೆಂದು ಜೊತೆಯ ಕೆಲಸಗಾರನೊಬ್ಬನ ಕಾರ್ಡನ್ನು ತೋರಿಸಿ ಕೊಂಡಿದ್ದರು. ಅವನನ್ನು ಹುಡುಕಿ ಕರೆದುಕೊಂಡು ಮುಂದಿನ ಶುಕ್ರವಾರ ಮತ್ತೆ ಹೋಗಿ, ನಕಲು ಬಿಲ್ಲನ್ನು ಪಡೆದು, ಅದರ ಚಿತ್ರವನ್ನು ಕಳುಹಿಸಿದರು. ಚಿತ್ರದ ಮೂಲೆಯಲ್ಲಿ ಕಾಗದವನ್ನು ಹಿಡಿದ ಅವರ ಹೆಬ್ಬೆರಳು ಕಾಣುತ್ತಿತ್ತು. ನಾನು ಅದನ್ನು ಕತ್ತರಿಸದೆ ಹಾಗೆಯೇ ಕಂಪನಿಗೆ ಕಳುಹಿಸಿದೆ.

ಅಲ್ಲಿಂದ ಮುಂದಿನದು ಪತ್ರವ್ಯವಹಾರ. ನನ್ನ ಮೊದಲ ಇಮೇಲಿಗೆ ಬಂದ ಉತ್ತರ ಬಹಳ ವಿನಯದಿಂದ ಕೂಡಿತ್ತು. ಆದರೆ ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಎರಡನೆಯದರಲ್ಲಿ ವಿಶೇಷಣಗಳನ್ನೆಲ್ಲ ಕಿತ್ತುಹಾಕಿ, ಹದಿನಾಲ್ಕನೆಯ ಪುಟದ ಆ ವಾಕ್ಯವನ್ನು ಯಥಾವತ್ತಾಗಿ ಬರೆದು, ಯಂತ್ರದ ಸಂಖ್ಯೆ, ಕೊಂಡ ದಿನಾಂಕ, ಕೆಟ್ಟ ದಿನಾಂಕ, ಬಿಲ್ಲಿನ ಚಿತ್ರ ಇಷ್ಟನ್ನೇ ಇಟ್ಟೆ. ಭಾಷೆಯ ಮೇಷ್ಟ್ರಾಗಿ ನಾನು ಬರೆದ ಅತ್ಯಂತ ನೀರಸವಾದ ಪತ್ರ ಅದು. ಕೆಲಸ ಮಾಡಿದ್ದೂ ಅದೇ ಇರಬೇಕು. ಅದೇ ವಾರ ಕೇಂದ್ರ ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಟ್ಟೆ. 1915 ಎಂಬ ಸಂಖ್ಯೆ, ಕನ್ನಡದಲ್ಲಿಯೂ ಮಾತನಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಯ ಬಾಗಿಲಿಗೆ ಮುಟ್ಟಿಸಿ ಉತ್ತರ ಕೇಳುವವರು. ಯಾವ ಕೀಲಿಯಿಂದ ಬೀಗ ತೆರೆಯಿತೋ ತಿಳಿಯದು. ಒಂಬತ್ತನೆಯ ದಿನ ಕಂಪನಿಯಿಂದ, ಯಂತ್ರದ ದೇಶವನ್ನು ಭಾರತವೆಂದು ದಾಖಲೆಯಲ್ಲಿ ಬದಲಾಯಿಸಲಾಗಿದೆ, ಹತ್ತಿರದ ಕೇಂದ್ರಕ್ಕೆ ಒಯ್ಯಬಹುದು ಎಂಬ ಉತ್ತರ ಬಂತು.

ತೆರೆಯದಿದ್ದರೆ? ಬಳ್ಳಾರಿಯ ವಕೀಲ ಮಿತ್ರರೊಬ್ಬರು ಅದನ್ನೂ ತಿಳಿಸಿದ್ದರು. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಕಾಲದಲ್ಲಿ, ಎದುರುಪಕ್ಷದವರಿರುವ ಊರಿನಲ್ಲೋ, ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲೋ ದಾವೆ ಹೂಡಬೇಕಾಗಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆ ದೂರು ಕೊಡುವವನು ವಾಸವಾಗಿರುವ ಜಿಲ್ಲೆಯಲ್ಲಿಯೇ ಅದಕ್ಕೆ ಅವಕಾಶ ಕೊಟ್ಟಿತು. ಆದ್ದರಿಂದ ಕುರುಗೋಡಿನವಳು ಬಳ್ಳಾರಿಯ ಜಿಲ್ಲಾ ಆಯೋಗದ ಮುಂದೆ ನಿಲ್ಲಬಹುದು. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಹಣ ಕೊಟ್ಟವನು ತಂದೆ, ಬಳಸಿದವಳು ಮಗಳು ಎಂಬುದೂ ಅಡ್ಡಿಯಲ್ಲ: ಕೊಂಡವನ ಒಪ್ಪಿಗೆಯಿಂದ ಬಳಸುವವನನ್ನೂ ಕಾಯಿದೆ ಗ್ರಾಹಕನೆಂದೇ ಕರೆಯುತ್ತದೆ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರಕಾರಿ ವ್ಯವಸ್ಥೆಯ ಮೂಲಕ ಮನೆಯಿಂದಲೇ ದೂರು ಸಲ್ಲಿಸಲೂ ಅವಕಾಶವಾಗಿದೆ. "ಬಾಗಿಲು ಹತ್ತಿರ ಬಂದಿದೆ, ನಿಜ," ಎಂದರು ಮಿತ್ರರು. "ಒಳಕ್ಕೆ ಹೋದ ಮೇಲೆ ಯಾರ ಕಡೆಗೆ ಬೆರಳು ತೋರಿಸುತ್ತೀರಿ? ಮಸ್ಕತಿನ ಅಂಗಡಿಯವನನ್ನು ಬಳ್ಳಾರಿಗೆ ಕರೆಸುವುದು ಮಾತಿನಲ್ಲಿ ಆಗುವ ಕೆಲಸ. ಇಲ್ಲಿಯ ಕಂಪನಿ ಮಾತು ಕೊಟ್ಟಿದೆಯೆಂದು ತೋರಿಸುವ ಕಾಗದವಿದ್ದರೆ ನಿಮ್ಮದು ದಾವೆ, ಇಲ್ಲದಿದ್ದರೆ ಅಳಲು."

ಗಲ್ಫಿಗೆ ಮಗನನ್ನೋ ತಮ್ಮನನ್ನೋ ಕಳುಹಿಸಿರುವ ಓದುಗರು ಈ ಪುಟ ಓದುತ್ತಿದ್ದರೆ ಅವರಿಗಾಗಿ ಎರಡು ಮಾತು ಬರೆಯುತ್ತೇನೆ. ಅಂಗಡಿಯಲ್ಲಿ "ಗ್ಯಾರಂಟಿ ಉಂಟೆ?" ಎಂದು ಕೇಳಬೇಡಿರಿ, ಉಂಟೆಂದೇ ಹೇಳುತ್ತಾರೆ, ಭಾರತದಲ್ಲಿ ಸಲ್ಲುತ್ತದೆಂಬ ವಾಕ್ಯ ಪುಸ್ತಿಕೆಯಲ್ಲಿ ಎಲ್ಲಿದೆಯೆಂದು ತೋರಿಸಲು ಹೇಳಿರಿ. ಬಿಲ್ಲು ಬಳಸುವವರ ಹೆಸರಿನಲ್ಲಿರಲಿ, ಅದರ ಚಿತ್ರ ಅಂದೇ ಊರಿಗೆ ಬರಲಿ. ಯಂತ್ರ ಕೆಟ್ಟ ದಿನ ನಮ್ಮ ಹುಡುಗಿ ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ಇನ್ನೂರು ರೂಪಾಯಿಗೆ ಅದನ್ನು ಬಿಚ್ಚಿಸಲು ಹೊರಟಿದ್ದಳು. ಅಂಗಡಿ ಮುಚ್ಚಿದ್ದುದು ನಮ್ಮ ಪುಣ್ಯ. ಬೇರೆಯವರು ಬಿಚ್ಚಿದ ಯಂತ್ರವನ್ನು ನಿರಾಕರಿಸಲು ಕಂಪನಿಯವರಿಗೆ ಇನ್ನಾವ ಕಾರಣವೂ ಬೇಕಾಗಿರಲಿಲ್ಲ.

ಮಹಡಿಯ ಮೇಲಿನ ಅದೇ ಹುಡುಗ ಈ ಸಲ ಸಂಖ್ಯೆಯನ್ನು ಒತ್ತಿ, "ಈಗ ತೋರಿಸ್ತಾ ಐತ್ರಿ ಸಾರ್" ಎಂದು ಯಂತ್ರವನ್ನು ತೆಗೆದುಕೊಂಡ. ಅವನ ಮೇಲೆ ನನಗೆ ಕೋಪವಿರಲಿಲ್ಲ. ಅವನ ಕಂಪ್ಯೂಟರು ಹೇಳಿದ್ದನ್ನು ಅವನು ಹೇಳುತ್ತಿದ್ದ. ಬೋರ್ಡು ಬೆಂಗಳೂರಿನಿಂದ ಬರಬೇಕಾಗಿತ್ತು. ಅದಕ್ಕೆ ಹದಿನೇಳು ದಿನ ಹಿಡಿಯಿತು. ಅಷ್ಟರೊಳಗೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ಬಂದು ಹೋಯಿತು. ಹುಡುಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಕುಳಿತು, ನೆನಪಿನಲ್ಲಿ ಉಳಿದಷ್ಟನ್ನು ಮತ್ತೆ ಬರೆದು, ಗೆಳತಿಯ ಯಂತ್ರವನ್ನು ಎರವಲು ಪಡೆದು ಒಪ್ಪಿಸಿದಳು. ಎರಡು ಅಧ್ಯಾಯ ತೆಳುವಾದವು; ಅಂಕಗಳೂ ಅಷ್ಟಕ್ಕೆ ತಕ್ಕಂತೆ ಬಂದವು. ಅದಾದ ಆರನೆಯ ದಿನ ಯಂತ್ರ ಬಂದಿತು. ಕಾಸು ಖರ್ಚಾಗಲಿಲ್ಲ. ಒಳಗಿನ ಬರಹವೆಲ್ಲ ಒಂದಕ್ಷರವೂ ಕೆಡದೆ ಹಾಗೆಯೇ ಇತ್ತು. ಅದನ್ನು ತೆರೆದು ನೋಡಿದ ಹುಡುಗಿ ನಕ್ಕಳೋ ಅತ್ತಳೋ ಹೇಳಲಾರೆ, ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದಳು.

ಮುಂದಿನ ಶುಕ್ರವಾರ ಭಾವನವರು ಆ ಲ್ಯಾಪ್‌ಟಾಪಿನ ಮೂಲಕವೇ ಮುಖ ತೋರಿಸಿ ಮಾತನಾಡಿದರು. ಮಗಳನ್ನು ಸ್ವಲ್ಪ ಹೊತ್ತು ನೋಡಿ, "ಈಗರ ಖರೇ ಹೇಳು, ಹೆಂಗೈತಿ?" ಎಂದರು. ನಕಲು ಬಿಲ್ಲನ್ನು ನಾನು ಸಿರುಗುಪ್ಪದಲ್ಲಿ ಗಟ್ಟಿಯಾದ ಶಾಯಿಯಲ್ಲಿ ಅಚ್ಚು ಹಾಕಿಸಿ ಅಕ್ಕನಿಗೆ ಕೊಟ್ಟಿದ್ದೇನೆ. ಅದನ್ನು ಅವಳು ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟಿದ್ದಾಳೆ. ಕಪ್ಪಾದ ಚೀಟಿ ಮಾತ್ರ ಇನ್ನೂ ದೊಡ್ಡಬಸವೇಶ್ವರನ ಪಟದ ಹಿಂದೆಯೇ ಇದೆ.